ಗಜನಿಯ ಬದಿಯ ಬಾಲಪಾಠ

ಕುಮಟೆಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಮಿರ್ಜಾನದ ಕೋಟೆ ಹಿಂದುಳಿದು, ಗೋಕರ್ಣದ ದಾರಿ ಕವಲೊಡೆಯುವ ಮಾದನಗೇರಿ ಇನ್ನೂ ಬಾರದಿರುವಲ್ಲಿ, ಹಿರೇಗುತ್ತಿ ಎಂಬ ಊರಿದೆ. ಒಂದು ಮಗ್ಗುಲಿಗೆ ಚಿರೆಕಲ್ಲಿನ ಕೆಂಪು ಗುಡ್ಡ, ಇನ್ನೊಂದು ಮಗ್ಗುಲಿಗೆ ಅಘನಾಶಿನಿಯ ಹಿನ್ನೀರು ಕೈಕಾಲು ಚಾಚಿ ಒಳಸೇರಿದ ತಗ್ಗುನೆಲ. ಈ ತಗ್ಗುನೆಲವನ್ನೇ ಅಲ್ಲಿಯ ಜನ ಗಜನಿ ಎಂದು ಕರೆಯುತ್ತಾರೆ. ಆಶ್ವಯುಜದ ಒಂದು ಸಂಜೆ, ಕಗ್ಗದ ಭತ್ತ ತೆನೆಯೊಡೆದು ಬಾಗಿದ್ದ ಕಾಲದಲ್ಲಿ, ಆ ಗಜನಿಯ ಒಡ್ಡಿನ ಮೇಲೆ ನಡೆಯುತ್ತಿದ್ದ ನನಗೆ ಐದಾರು ಮಕ್ಕಳ ಆಟವೊಂದು ಕಣ್ಣಿಗೆ ಬಿದ್ದಿತು. ಅವರು ಕೆಸರಿನಿಂದ ಗೇಣುದ್ದದ ಒಡ್ಡನ್ನು ಕಟ್ಟಿ, ಒಳಗೆ ಹುಲ್ಲಿನ ಎಸಳುಗಳನ್ನು ಸಾಲಾಗಿ ಊರಿ, ಒಡ್ಡಿನ ನಡುವೆ ಅಡಕೆಯ ಹಾಳೆಯ ತುಂಡೊಂದನ್ನು ಬಾಗಿಲಾಗಿ ನಿಲ್ಲಿಸಿದ್ದರು. ಹೊರಗೆ ನೀರು ಏರುತ್ತಿತ್ತು. ಹುಡುಗನೊಬ್ಬ ಬಾಗಿಲನ್ನು ಎತ್ತಹೋದಾಗ, ಅವನಿಗಿಂತ ಚಿಕ್ಕವಳಾದ ಹುಡುಗಿ ಎರಡೂ ಕೈಗಳಿಂದ ಹಾಳೆಯನ್ನು ಒತ್ತಿಹಿಡಿದು, "ಈಗ ಬಿಡೂದಲ್ಲ, ಭತ್ತ ಹಾಳಾಗ್ತದೆ; ಕೊಯ್ಲಾಗ್ಲಿ, ಆಮೇಲೆ ಬಿಡ್ವ" ಎಂದಳು.

ಆ ಹುಡುಗಿಗೆ ಆರೋ ಏಳೋ ವರ್ಷ. ಅವಳು ಹೇಳಿದ್ದು ಶತಮಾನಗಳ ಬೇಸಾಯದ ಸಾರವೆಂಬುದು ಅವಳಿಗೆ ತಿಳಿದಿರಲಾರದು. ಗಜನಿಯಲ್ಲಿ ಮುಂಗಾರಿನ ನೀರು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಎರಚುತ್ತಾರೆ. ಕಗ್ಗವು ಉಪ್ಪನ್ನೂ ಸಹಿಸುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ತಲೆಯೆತ್ತುತ್ತದೆ, ಗೊಬ್ಬರವನ್ನೂ ಕೀಟನಾಶಕವನ್ನೂ ಬೇಡುವುದಿಲ್ಲ. ಕೊಯ್ಲು ಮುಗಿದ ತರುವಾಯ ಒಡ್ಡಿನ ಬಾಗಿಲುಗಳನ್ನು ತೆರೆದು ಭರತದ ಉಪ್ಪುನೀರನ್ನು ಒಳಗೆ ಬಿಟ್ಟರೆ, ಕೊಳೆಯುವ ಕೂಳೆಯೇ ಮೀನಿಗೂ ಶೆಟ್ಲಿಗೂ (ಸಿಗಡಿಗೂ) ಆಹಾರವಾಗಿ, ಅದೇ ಗದ್ದೆ ಬೇಸಗೆಯಲ್ಲಿ ಮೀನಿನ ಹೊಂಡವಾಗುತ್ತದೆ. ಹೀಗೆ ಒಂದೇ ನೆಲ ಎರಡು ಸಲ ಅನ್ನ ಕೊಡುವುದಕ್ಕೆ ಬೇಕಾದುದು ಒಂದೇ ವಿವೇಕ: ಯಾವಾಗ ಬಾಗಿಲು ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದು. ಹಿರಿಯರು ಅದನ್ನು ಆ ಮಗುವಿಗೆ ಪಾಠವಾಗಿ ಹೇಳಿಕೊಟ್ಟಿರಲಿಲ್ಲ. ಅವಳು ಒಡ್ಡಿನ ಮೇಲೆ ಆಡುತ್ತ ಆಡುತ್ತ ಅದನ್ನು ಕೈಯಲ್ಲಿ ಹಿಡಿದಿದ್ದಳು.

ಇದಕ್ಕೆ ಎದುರಾಗಿ ನನ್ನ ನೆನಪಿನಲ್ಲಿ ನಿಂತಿರುವ ಇನ್ನೊಂದು ದೃಶ್ಯವನ್ನೂ ಹೇಳಬೇಕು. ಜೂನ್ 5ರ ಪರಿಸರ ದಿನದಂದು ಒಂದು ಶಾಲೆಯ ಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ಥರ್ಮೋಕೋಲಿನಲ್ಲಿ ಕತ್ತರಿಸಿದ ಮರಗಳು, ಪ್ಲಾಸ್ಟಿಕ್ಕಿನ ಎಲೆಗಳು, ಮಿನುಗುವ ಪುಡಿ ಬಳಿದ ಭೂಗೋಳ, ಅದರ ಕೆಳಗೆ ಭೂಮಿಯನ್ನು ಉಳಿಸಿರೆಂಬ ಘೋಷವಾಕ್ಯ. ಮಕ್ಕಳು ಶ್ರದ್ಧೆಯಿಂದಲೇ ಅದನ್ನು ಮಾಡಿದ್ದರು. ಅವರ ಪಾಲಿಗೆ ಯಾವ ದೋಷವೂ ಇಲ್ಲ. ಮರುದಿನ ಅವೆಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿಯಿಟ್ಟದ್ದನ್ನು ಕಂಡೆ. ಕಪ್ಪು ಹೊಗೆ ಮಳೆಯ ಮೋಡದ ಕೆಳಗೆ ಬಹಳ ಹೊತ್ತು ನಿಂತಿತ್ತು. ಅಂದು ನನಗಾದ ದುಃಖ ಇನ್ನೂ ಆರಿಲ್ಲ. ಭೂಮಿಯ ವಿಷಯವಾಗಿ ಮಗುವಿನ ಮನಸ್ಸಿನಲ್ಲಿ ನಾವು ಮೊದಲು ಬಿತ್ತುವುದು ಭಯವನ್ನೂ ನಿಷೇಧವನ್ನೂ ಆದರೆ, ಮತ್ತು ಆ ನಿಷೇಧವನ್ನು ಬರೆಯುವ ಬಣ್ಣವೇ ಅಂಗಡಿಯಿಂದ ಬಂದು ಬೂದಿಯಾಗಿ ಹೋಗುವಂಥದಾದರೆ, ಆ ಮಗು ಕಲಿಯುವುದೇನು? ಪ್ರೀತಿಸದ ವಸ್ತುವನ್ನು ಕಾಯುವವರು ಯಾರೂ ಇಲ್ಲ. ಮುಟ್ಟದ, ಮೂಸದ, ಹೆಸರು ಹಿಡಿದು ಕರೆಯದ ವಸ್ತುವನ್ನು ಮಗು ಪ್ರೀತಿಸಲಾರದು.

ಈ ವಿಚಾರ ಹೊಸದಲ್ಲ. 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದ ಮರಗಳ ಕೆಳಗೆ ಶಾಲೆಯನ್ನು ತೆರೆದಾಗಲೂ, 1928ರಲ್ಲಿ ಅಲ್ಲಿ ವೃಕ್ಷಾರೋಪಣವನ್ನು ಹಾಡು-ಅಲಂಕಾರಗಳ ಉತ್ಸವವನ್ನಾಗಿ ಮಾಡಿದಾಗಲೂ, 1937ರಲ್ಲಿ ವರ್ಧೆಯಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ವಿದ್ಯೆಯೆಂಬ ನಯೀ ತಾಲೀಮನ್ನು ದೇಶದ ಮುಂದಿಟ್ಟಾಗಲೂ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಹೇಳಲ್ಪಟ್ಟಿತು. ಶಾಂತಿನಿಕೇತನದಲ್ಲಿ ಕಲಿತು ಸೇವಾಗ್ರಾಮದಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ ದೇವಿಪ್ರಸಾದರು ಈ ಎರಡು ಧಾರೆಗಳನ್ನೂ ಒಂದುಗೂಡಿಸಿ, ಕಲೆಯೇ ಶಿಕ್ಷಣದ ವಾಹನವೆಂದು ಬರೆದರು. ನಮ್ಮ ಕರಾವಳಿಯಲ್ಲಿಯೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕೂಡಿಸಿ ಆಟ, ನಾಟಕ, ನೃತ್ಯಗಳ ಪ್ರಯೋಗ ನಡೆಸಿದರು, 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕೊಟ್ಟರು. ಅದೇ ಕಾರಂತರು ಇಳಿವಯಸ್ಸಿನಲ್ಲಿ ಉತ್ತರ ಕನ್ನಡದ ಕಾಡಿಗಾಗಿ ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. ಬಾಲವನದ ಕಾರಂತರು ಬೇರೆ, ಕೈಗಾದ ಕಾರಂತರು ಬೇರೆ ಎಂದು ಭಾವಿಸುವವರಿದ್ದಾರೆ. ನನಗೆ ಹಾಗೆ ತೋರಿಲ್ಲ.

ಹಿರೇಗುತ್ತಿಯಂಥ ಊರಿನಲ್ಲಿ ಇದಕ್ಕಾಗಿ ಹೊಸ ಪಠ್ಯವನ್ನು ರಚಿಸುವ ಅಗತ್ಯವೇ ಇಲ್ಲ. ಋತುಚಕ್ರವೇ ಅಲ್ಲಿ ಪಠ್ಯವನ್ನು ಬರೆದಿಟ್ಟಿದೆ; ಅದನ್ನು ತೆರೆದು ಓದುವ ಮನಸ್ಸು ಶಿಕ್ಷಕರಿಗೂ ತಾಯಿತಂದೆಯರಿಗೂ ಬೇಕು. ಇದರಲ್ಲಿ ಒಂದು ಅಧ್ಯಾಯವನ್ನು, ಎಂದರೆ ಬಣ್ಣದ ಅಧ್ಯಾಯವನ್ನು, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ದೀಪಾವಳಿ ಸಮೀಪಿಸಿತೆಂದರೆ ಉತ್ತರ ಕನ್ನಡದ ಹಳ್ಳಿಮನೆಗಳಲ್ಲಿ ಕೆಮ್ಮಣ್ಣೂ ಶೇಡಿಯೆಂಬ ಬಿಳಿಮಣ್ಣೂ ಹೊರಗೆ ಬರುತ್ತವೆ. ತುಳಸಿಯ ಕಟ್ಟೆಗೆ, ಹೊಸ್ತಿಲಿಗೆ, ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿದು, ಅದರ ಮೇಲೆ ಶೇಡಿಯ ಬಿಳಿ ರೇಖೆಗಳನ್ನು ಎಳೆಯುತ್ತಾರೆ; ಗೋಪೂಜೆಯ ಬೆಳಗ್ಗೆ ಕೊಟ್ಟಿಗೆಯ ದನಕರುಗಳ ಮೈಮೇಲೆ ಅದೇ ಬಣ್ಣಗಳ ಚಕ್ರಗಳು ಮೂಡುತ್ತವೆ. ಈಚೆಗೆ ಈ ಸ್ಥಾನವನ್ನು ಡಬ್ಬಿಯ ಪೇಂಟು ಆಕ್ರಮಿಸುತ್ತಿದೆ. ಆದರೆ ಕೆಮ್ಮಣ್ಣನ್ನು ಸಿದ್ಧಪಡಿಸುವ ಕ್ರಮವನ್ನು ಒಮ್ಮೆ ಮಕ್ಕಳೊಡನೆ ಕೂತು ಮಾಡಿದವರು ಡಬ್ಬಿಯ ಮುಚ್ಚಳವನ್ನು ಅಷ್ಟು ಸುಲಭವಾಗಿ ತೆರೆಯಲಾರರು. ಮೊದಲು ಗುಡ್ಡಕ್ಕೆ ಹೋಗಬೇಕು. ಗುಡ್ಡದ ಮಣ್ಣೆಲ್ಲ ಕೆಂಪೆಂದು ದೂರದಿಂದ ತೋರುತ್ತದೆ. ಹತ್ತಿರ ಹೋದರೆ ಒಂದೆಡೆ ಇಟ್ಟಿಗೆಯ ಬಣ್ಣ, ಒಂದೆಡೆ ಕಂದು, ಮತ್ತೊಂದೆಡೆ ಅರಿಶಿನಕ್ಕೆ ತಿರುಗಿದ ಹಳದಿ, ಮಳೆಯ ನೀರು ಕೊರೆದ ಕೊರಕಲಿನ ಒಳಮಗ್ಗುಲಲ್ಲಿ ನೇರಳೆಯ ಛಾಯೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಾಣುತ್ತಾರೆ. ತೆಂಗಿನ ಗರಟೆಯಲ್ಲಿ ಒಂದೊಂದು ಬಗೆಯ ಮಣ್ಣನ್ನು ತುಂಬಿ ತಂದು, ಕಲ್ಲು ಆಯ್ದು, ಕುಟ್ಟಿ, ಹಳೆಯ ಪಂಚೆಯ ತುಂಡಿನಲ್ಲಿ ಜರಡಿ ಹಿಡಿದು, ನೀರಿನಲ್ಲಿ ಕದಡಿ ಬಿಟ್ಟರೆ, ಮರಳು ತಳಕ್ಕೆ ಇಳಿಯುತ್ತದೆ, ನಯವಾದ ಮಣ್ಣು ಮೇಲಿನ ನೀರಿನಲ್ಲಿ ತೇಲಿ ನಿಲ್ಲುತ್ತದೆ. ಆ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ನೋಡಿದರೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಬಣ್ಣ.

ಈ ಬೆಣ್ಣೆಯ ಪ್ರಮಾಣವೇ ಪಾಠದ ಮರ್ಮಸ್ಥಾನ. ಎರಡು ಗರಟೆ ಮಣ್ಣು ತಂದ ಹುಡುಗನಿಗೆ ಅರ್ಧ ಗರಟೆಯೂ ಬಣ್ಣ ದೊರೆಯುವುದಿಲ್ಲ. ಒಂದು ದಿನದ ನಡಿಗೆ, ಒಂದು ಮಧ್ಯಾಹ್ನದ ಕುಟ್ಟಣ, ಒಂದು ರಾತ್ರಿಯ ಕಾಯುವಿಕೆ, ಇವೆಲ್ಲದರ ಫಲ ಇಷ್ಟೇ ಎಂದು ಅವನು ತನ್ನ ಕಣ್ಣಿನಿಂದ ಕಂಡಿರುತ್ತಾನೆ. ಅದನ್ನು ಅವನು ಚೆಲ್ಲುವುದಿಲ್ಲ. ಅವನ ಅಜ್ಜಿ, ಗೋಡೆಯ ಮೇಲೆ ಎರಡು ಸಾಲು ಬರೆದಾದ ಮೇಲೆ, "ಸಾಕು ತಮಾ, ಉಳಿದದ್ದು ತುಳಸಿ ಮದಿವಿಗೆ ಬೇಕಲ್ಲ" ಎಂದರೆ, ಆ 'ಸಾಕು' ಎಂಬ ಮಾತಿಗೆ ಅವನ ಕೈಯೇ ಸಾಕ್ಷಿ ನುಡಿಯುತ್ತದೆ. ಸುಸ್ಥಿರ ಜೀವನವೆಂದು ಇಂದು ಸಭೆಗಳಲ್ಲಿ ಕೇಳಿಬರುವ ಗಂಭೀರ ಪದಕ್ಕೆ ನಮ್ಮ ಆಡುಮಾತಿನಲ್ಲಿ ಸಮಾನವಾದ ಒಂದು ಶಬ್ದವನ್ನು ಹುಡುಕಿದರೆ ಅದು 'ಸಾಕು' ಎಂಬುದೇ ಎಂದು ನಾನು ನಂಬಿದ್ದೇನೆ. ಅದೇ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಪೋಷಿಸು ಎಂಬ ಇನ್ನೊಂದು ಅರ್ಥವೂ ಇರುವುದು ನನಗೆ ಯಾವಾಗಲೂ ಸಂತೋಷದ ಸಂಗತಿ.

ಘಟ್ಟದ ಮೇಲೆ, ಸಿದ್ದಾಪುರ, ಸಾಗರ, ಸೊರಬಗಳ ಕಡೆ, ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಈ ಮಿತವ್ಯಯವು ಮಹಾಕಲೆಯ ಎತ್ತರಕ್ಕೆ ಏರಿದೆ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆಯ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಅಡಿಗೆಮನೆ ಮತ್ತು ಕಾಡಿನ ಅಂಚಿನ ಆಚೆಗೆ ಅವರ ಕೈ ಚಾಚಿದ್ದೇ ಇಲ್ಲ. ಭೂಮಿ ಹುಣ್ಣಿಮೆಯ ದಿನ ಗರ್ಭಿಣಿಯಾದ ಭೂಮಿಗೆ ಬಯಕೆಯ ಊಟವನ್ನು ಹೊತ್ತೊಯ್ಯುವ ಬುಟ್ಟಿಯ ಮೇಲೆ ಇದೇ ಚಿತ್ತಾರವನ್ನು ಬರೆಯುತ್ತಾರೆ. ತಾಯಿಯ ಪಕ್ಕದಲ್ಲಿ ಕೂತು ಆ ಬುಟ್ಟಿಗೆ ಒಂದು ಗೆರೆ ಎಳೆದ ಹುಡುಗಿಗೆ, ಗದ್ದೆ ಎಂಬುದು ಬಸುರಿಯಾದ ಒಬ್ಬ ಹೆಣ್ಣುಮಗಳೆಂದು ಯಾರೂ ಪುಸ್ತಕ ತೆರೆದು ವಿವರಿಸಬೇಕಾಗಿಲ್ಲ.

ಭಾದ್ರಪದದ ಚೌತಿಯನ್ನೂ ಇಲ್ಲಿ ನೆನೆಯಬೇಕು. ಗಣಪತಿಯ ಮೇಲ್ಗಡೆ ಕಟ್ಟುವ ಫಲಾವಳಿಗಾಗಿ ಮಕ್ಕಳು ಹಿರಿಯರ ಜತೆಗೆ ಬೆಟ್ಟ ಹತ್ತಿ, ಹಿತ್ತಲು ಸುತ್ತಿ, ಅಡಕೆಯ ಗೊನೆ, ಎಳೆಯ ತೆಂಗಿನಕಾಯಿ, ಮಾದಲ, ಹೀರೆ, ಸೌತೆಗಳೊಡನೆ ಕಾಡಿನ ಕಾಯಿಹಣ್ಣುಗಳನ್ನೂ ತರುತ್ತಾರೆ. ಯಾವ ಕಾಯಿ ಯಾವ ಮರದ್ದು, ಯಾವುದು ತಿನ್ನುವಂಥದು, ಯಾವುದು ವಿಷ ಎಂಬ ಜ್ಞಾನ ಹೀಗೆ ಒಂದು ತಲೆಮಾರಿನಿಂದ ಮುಂದಿನ ತಲೆಮಾರಿಗೆ ಮಾವಿನ ಕೊಂಬೆಯ ನೆರಳಿನಲ್ಲಿ ದಾಟಿಹೋಗುತ್ತದೆ. ಪೇಟೆಯಲ್ಲಿ ಕೊಂಡು ತಂದ ಪ್ಲಾಸ್ಟಿಕ್ಕಿನ ಹಣ್ಣುಗಳನ್ನು ಕಟ್ಟಿದ ಮಂಟಪಗಳನ್ನು ನೋಡಿದ್ದೇನೆ. ಅಲ್ಲಿ ಶೋಭೆಗೆ ಕೊರತೆಯಿಲ್ಲ, ಆದರೆ ಆ ಮನೆಯ ಮಕ್ಕಳು ಆ ವರ್ಷ ಬೆಟ್ಟ ಹತ್ತಲಿಲ್ಲ.

ಇನ್ನು ಆಟಗಳ ಮಾತು. ತೆಂಗಿನ ಗರಿಯಿಂದ ಗಿರಗಿಟ್ಟಿ, ಪೀಪಿ, ಹಾವು, ಕೈಗಡಿಯಾರ. ಹಲಸಿನ ಎಲೆಯ ಕಿರೀಟ. ಉದುರಿದ ಅಡಕೆಯ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಮತ್ತೊಬ್ಬ ಎಳೆಯುವ ಬಂಡಿ. ಮಂಜುಟ್ಟಿಯ ಕೆಂಪು ಬೀಜಗಳಿಂದ ಮಳೆಗಾಲದ ಜಗಲಿಯಲ್ಲಿ ಆಡುವ ಚೆನ್ನೆಮಣೆ. ಇವುಗಳಲ್ಲಿ ಯಾವುದೂ ಮರವನ್ನು ನೋಯಿಸಿ ಪಡೆದದ್ದಲ್ಲ. ಮರ ತಾನಾಗಿ ಬಿಟ್ಟದ್ದನ್ನೋ, ಸಹಜವಾಗಿ ಕೊಡಬಲ್ಲುದನ್ನೋ ಎತ್ತಿಕೊಂಡು ಮಾಡಿದವು. ಆಟಿಕೆ ಮುರಿದರೆ ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ, ಮಗು ಅಳುತ್ತ ಕೂರದೆ ಇನ್ನೊಂದು ಗರಿಯನ್ನು ಹುಡುಕುತ್ತದೆ.

ನೀರಿನ ಬದಿಯ ಕಲಿಕೆಯೇ ಹಿರೇಗುತ್ತಿಯ ಸುತ್ತಿನ ಮಕ್ಕಳಿಗೆ ದೊರೆತ ವಿಶೇಷ ಭಾಗ್ಯ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೇ ಒಂದು ಅಣೆಕಟ್ಟಿನ ತಡೆಯೂ ಇಲ್ಲದೆ ತದಡಿಯ ಬಳಿ ಕಡಲನ್ನು ಸೇರುವ ಅಘನಾಶಿನಿಯಂಥ ಹೊಳೆಗಳು ನಮ್ಮ ನಾಡಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ತದಡಿಯಲ್ಲಿ ಬೃಹತ್ ವಿದ್ಯುತ್ ಸ್ಥಾವರ ಬರುವುದೆಂಬ ಮಾತು ಬಂದಾಗ ದಂಡೆಯ ಜನರು ಒಪ್ಪಲಿಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಈ ಅಳಿವೆಯು ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಅದೇ ಸಲ ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಇದು ಹೆಮ್ಮೆಯ ವಿಷಯ, ನಿಜ. ಆದರೆ ಪಟ್ಟಿಯಲ್ಲಿರುವ ಹೆಸರನ್ನು ಬಾಯಿಪಾಠ ಮಾಡಿದ ಮಗು ಅಳಿವೆಯನ್ನು ಅರಿತಂತಾಗಲಿಲ್ಲ. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಬಳಚು ಚಿಪ್ಪುಗಳನ್ನು ಹೆಕ್ಕುವುದನ್ನು ಅದು ನೋಡಬೇಕು. ಕೈಗೆ ಬಂದ ಎಳೆಯ ಚಿಪ್ಪನ್ನು ಮತ್ತೆ ಮರಳಿನೊಳಗೆ ಊರುವುದನ್ನು ಅದಕ್ಕೆ ಕಲಿಸಬೇಕು. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಬಿಸಿಲೂ ಗಾಳಿಯೂ ಸೇರಿ ನೀರನ್ನು ಹರಳಾಗಿಸುವುದನ್ನು ಬೇಸಗೆಯ ಒಂದು ದಿನ ಅಲ್ಲಿಗೆ ಕರೆದೊಯ್ದು ತೋರಿಸಬೇಕು.

ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ವಿಷಯ ಹೇಳದೆ ಮುಂದೆ ಹೋಗಲಾರೆ. ಅದರ ಬೀಜವು ತಾಯಿಮರದ ಮೇಲೆಯೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಜೋತು, ಬಲಿತ ಮೇಲೆ ಕಳಚಿ ಬೀಳುತ್ತದೆ. ಕೆಸರಿದ್ದರೆ ಈಟಿಯಂತೆ ನೆಟ್ಟು ನಿಲ್ಲುತ್ತದೆ, ನೀರಿದ್ದರೆ ನೆಲೆ ಸಿಗುವವರೆಗೆ ತೇಲಿಹೋಗುತ್ತದೆ. ಮೊಳಕೆಯೊಡೆದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಸಲಹುವ ಈ ಮರವನ್ನು ಒಮ್ಮೆ ತೋರಿಸಿ, ಅಲ್ಲಿಯೇ ಕೂತು ಅದರ ಚಿತ್ರ ಬರೆಯಲು ಹೇಳಿದರೆ, ಮಕ್ಕಳು ಬರೆಯುವ ಮರಕ್ಕೆ ಕೈಗಳೂ ಕಣ್ಣುಗಳೂ ಮೂಡುವುದನ್ನು ಕಂಡಿದ್ದೇನೆ. ಆ ಚಿತ್ರಗಳನ್ನು ತಿದ್ದಬಾರದು. ಮರವು ಹೀಗಿರುವುದಿಲ್ಲವೆಂದು ಹೇಳಿ ಅವರ ಕೈಯಿಂದ ಸೀಸದ ಕಡ್ಡಿಯನ್ನು ತೆಗೆದುಕೊಳ್ಳುವ ಹಿರಿಯರು, ತಮಗರಿವಿಲ್ಲದೆ ಒಂದು ಸಂಬಂಧವನ್ನು ಕಡಿಯುತ್ತಾರೆ.

ನೆಲದ ಸಂಗಡ ಆಡಿ ಬೆಳೆದ ಕೈ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಪಕ್ಕದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗಿಂತ ದೊಡ್ಡ ನಿದರ್ಶನ ಬೇಡ. ಹಾಲಕ್ಕಿ ಒಕ್ಕಲಿಗರ ಬಡ ಕುಟುಂಬದಲ್ಲಿ ಹುಟ್ಟಿ, ಶಾಲೆಯ ಮುಖ ನೋಡದೆ, ಎಳವೆಯಲ್ಲಿಯೇ ತಾಯಿಯೊಡನೆ ಸಸ್ಯಪಾಲನೆಯ ತೋಟಕ್ಕೆ ಕೆಲಸಕ್ಕೆ ಹೋದ ಆ ಹೆಣ್ಣುಮಗಳು, ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಬೆರಳ ತುದಿಯಲ್ಲಿ ಬಲ್ಲವರಾದರು. ಅರಣ್ಯ ಇಲಾಖೆಗಾಗಿ ದಶಕಗಳ ಕಾಲ ಗಿಡಗಳನ್ನು ಎಬ್ಬಿಸಿದ ಅವರಿಗೆ 2020ರ ಪದ್ಮಶ್ರೀ ದೊರೆಯಿತು. ಬರಿಗಾಲಿನಲ್ಲಿ ರಾಷ್ಟ್ರಪತಿಗಳ ಮುಂದೆ ನಿಂತ ಅವರ ಚಿತ್ರವನ್ನು ದೇಶವೆಲ್ಲ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶಾಲೆ ಬೇಡವೆಂದು ವಾದಿಸಲು ನಾನು ಅವರ ಹೆಸರನ್ನು ಎತ್ತಲಿಲ್ಲ. ಅವರಿಗೆ ಅಕ್ಷರ ದೊರೆಯದಿದ್ದುದು ನಮ್ಮ ಸಮಾಜದ ಅನ್ಯಾಯ. ಅಕ್ಷರದ ಜತೆಗೆ ಆ ಬೆರಳಿನ ವಿದ್ಯೆಯೂ ನಮ್ಮ ಮಕ್ಕಳಿಗೆ ಬೇಕೆಂಬುದಷ್ಟೇ ನನ್ನ ಬೇಡಿಕೆ.

ತಾಯಂದಿರ ಅಂಜಿಕೆಯನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಹೊಳೆಯ ಬದಿ, ಹಾವಿನ ಕಾಟ, ಕೆಸರಿನಲ್ಲಿ ಚಿಪ್ಪು ತಾಗಿ ಕಾಲು ಸೀಳುವ ಭಯ, ಇವೆಲ್ಲ ನಿಜವಾದವು. ಅದಕ್ಕಾಗಿಯೇ ಹೊರಗಿನ ಪಾಠಕ್ಕೆ ಕೊಠಡಿಯ ಪಾಠಕ್ಕಿಂತ ಹೆಚ್ಚಿನ ಸಿದ್ಧತೆ ಬೇಕು: ನೀರು ಇಳಿಯುವ ಹೊತ್ತನ್ನು ನೋಡಿಯೇ ಹೊರಡಬೇಕು, ಏರುವ ಮೊದಲೇ ಮರಳಬೇಕು; ಊರಿನ ನೀರನ್ನು ಬಲ್ಲ ಹಿರಿಯರೊಬ್ಬರು ಸಂಗಡ ಇರಬೇಕು; ಮಕ್ಕಳು ಒಂಟಿಯಾಗಿ ಒಡ್ಡಿನಿಂದ ಕೆಳಗೆ ಇಳಿಯಕೂಡದು. ಹೊತ್ತು ಸಾಲದೆಂಬ ಶಿಕ್ಷಕರ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿದೆ. ಗಣಿತವೂ ಭಾಷೆಯೂ ಒಡ್ಡಿನ ಮೇಲೆ ಹೊಸದಾಗಿ ದೊರೆಯುತ್ತವೆ. ಕರ್ನಾಟಕದ ಸರಕಾರಿ ಶಾಲೆಗಳಿಗೆ 1995ರಿಂದ ಬಂದ ನಲಿ-ಕಲಿ ಪದ್ಧತಿಯು ಹೆಗ್ಗಡದೇವನಕೋಟೆಯಂಥ ಕಾಡಂಚಿನ ತಾಲೂಕಿನಲ್ಲಿಯೇ ಮೊದಲಾದದ್ದು. ನಲಿಯುತ್ತ ಕಲಿಯುವುದಕ್ಕೆ ನಾಲ್ಕು ಗೋಡೆಗಳೊಳಗೆ ಬಳಸುವ ಕಲಿಕೆಯ ಕಾರ್ಡುಗಳೇ ಆಗಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಒಂದು ಚಿಕ್ಕ ಪ್ರಯೋಗವನ್ನು ಹೇಳುತ್ತೇನೆ. ಇದಕ್ಕೆ ಕಾಸಿನ ಖರ್ಚಿಲ್ಲ. ಆಳೆತ್ತರದ ಬಿದಿರಿನ ಗಳವೊಂದನ್ನು ತಂದು, ಮೊದಲು ಗೇಣಿಗೊಂದು ಗೀರು ಕೊರೆದು, ಆಮೇಲೆ ಒಂದು ಮಗ್ಗುಲಿಗೆ ಬುಡದಿಂದ ತುದಿಯವರೆಗೆ ಶೇಡಿಯನ್ನು ಹಚ್ಚಿ, ಕಾಲುವೆಯ ಅಂಚಿನ ಕೆಸರಿನಲ್ಲಿ ಗಟ್ಟಿಯಾಗಿ ಊರಬೇಕು. ಭರತದ ನೀರು ಎಷ್ಟರವರೆಗೆ ಏರಿತೋ ಅಷ್ಟರವರೆಗಿನ ಶೇಡಿ ತೊಳೆದುಹೋಗಿ, ಇಳಿದ ಮೇಲೂ ನೀರಿನ ಎತ್ತರ ಗಳದ ಮೇಲೆ ಬರೆದಿಟ್ಟಂತೆ ಉಳಿಯುತ್ತದೆ. ಮಕ್ಕಳು ದಿನಕ್ಕೊಮ್ಮೆ ಇಳಿತದ ಹೊತ್ತಿಗೆ ಹೋಗಿ, ಎತ್ತರವನ್ನು ಎಣಿಸಿ, ಶಾಲೆಯ ಗೋಡೆಯ ಮೇಲೆ ಅಷ್ಟೇ ಎತ್ತರದ ಗೆರೆ ಎಳೆದು, ಅದರ ಪಕ್ಕದಲ್ಲಿ ಹಿಂದಿನ ರಾತ್ರಿ ಕಂಡ ಚಂದ್ರನ ಆಕಾರವನ್ನು ಬರೆದು, ಗಳಕ್ಕೆ ಮತ್ತೆ ಶೇಡಿ ಹಚ್ಚಿ ಬರುತ್ತಾರೆ. ಅಷ್ಟಮಿಯ ಸುತ್ತ ಗೆರೆಗಳು ತಗ್ಗುತ್ತವೆ, ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಎತ್ತರವಾಗುತ್ತವೆ; ಹದಿನೈದು ದಿನಗಳಲ್ಲಿ ಗೋಡೆಯ ಮೇಲೆ ಒಂದು ಅಲೆಯೇ ಮೂಡುತ್ತದೆ.

ಹೀಗೆ ಬರೆದ ಒಂದು ಗೋಡೆಯ ಮುಂದೆ ಚತುರ್ದಶಿಯ ದಿನ ನಾನು ನಿಂತಿದ್ದೆ. ಒಂದನೆಯ ತರಗತಿಯ ಹುಡುಗನೊಬ್ಬ ಕೊನೆಯ ಗೆರೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಖಾಲಿಯಾಗಿದ್ದ ಗೋಡೆಯನ್ನು ನೋಡುತ್ತ, "ಅಕ್ಕೋರೇ, ನಾಳೆ ಅಮಾಸೆ. ನೀರು ಇದನ್ನು ದಾಟ್ತದಾ?" ಎಂದು ಶಿಕ್ಷಕಿಯನ್ನು ಕೇಳಿದ. ಅಕ್ಕೋರು ಉತ್ತರ ಹೇಳಲಿಲ್ಲ. ಅವನ ಕೈಗೆ ಶೇಡಿಯ ಗರಟೆಯನ್ನು ಕೊಟ್ಟು, "ಗಳಕ್ಕೆ ಚೆಂದ ಮಾಡಿ ಹಚ್ಚಿ ಬರ್ವ, ಬಾ" ಎಂದರು.